ಮನೋಚಿಕಿತ್ಸೆಯ ಶುಲ್ಕ: ಆದಾಯವನ್ನು ಎಲ್ಲಿ ಕೇಳಬೇಕು?



ಮಗುವನ್ನು ಫೋರ್‌ಸ್ಕೂಲಾಕ್ಕೆ ಸೇರಿಸಿದವರಿಗೆಲ್ಲ ಇಲ್ಲಿಯ ಪುರಸಭೆಯು ಮನೆಯ ಆದಾಯವನ್ನು ಕೇಳುವುದು ತಿಳಿದೇ ಇದೆ. 2002ರಿಂದ ಇರುವ ಪದ್ಧತಿಯಂತೆ ಮೊದಲ ಮಗುವಿಗೆ ಆದಾಯದ ಶೇಕಡಾ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1ರಷ್ಟನ್ನು ಒಂದು ಮಿತಿಯೊಳಗೆ ತೆರುತ್ತೇವೆ. ಆದರೆ ಅದೇ ತಾಯಿಯೋ ತಂದೆಯೋ ಸಾರ್ವಜನಿಕ ಮನೋವೈದ್ಯಾಲಯಕ್ಕೆ ಹೋದರೆ ಸಂಬಳದ ಮಾತೇ ಏಳುವುದಿಲ್ಲ. ಕಸ ಗುಡಿಸುವವನಿಗೂ ಕಂಪನಿಯ ನಿರ್ದೇಶಕನಿಗೂ ಒಂದೇ ಶುಲ್ಕ. ಸಮಾನತೆಗೆ ಹೆಸರಾದ ನಾಡಿನಲ್ಲಿ ಇದೆಂತಹ ನ್ಯಾಯವೆಂದು ಕೆಲವರಿಗಾದರೂ ಅನ್ನಿಸಿರಬಹುದು.

ಸ್ವೀಡನ್ನಿನಲ್ಲಿ ಮನೋರೋಗಿಗಳ ಆರೈಕೆ 1967ರಲ್ಲಿ ಕೇಂದ್ರ ಸರ್ಕಾರದಿಂದ ಲಾಂಡ್‌ಸ್ಟಿಂಗ್‌ಗಳ ಕೈಗೆ, ಅಂದರೆ ಇಂದಿನ 21 ರೆಜಿಯೋನ್‌ಗಳ ಕೈಗೆ ಬಂದಿತು. ಆ ಕಾಲದಲ್ಲಿ ವೈದ್ಯರ ಭೇಟಿಯ ಹಣವನ್ನು ರೋಗಿಯು ಮೊದಲು ತಾನೇ ತೆತ್ತು, ವಿಮೆಯಿಂದ ಒಂದು ಪಾಲನ್ನು ಮರಳಿ ಪಡೆಯಬೇಕಿತ್ತು. 1970ರ ಸುಧಾರಣೆಯು ಅದನ್ನು ತೆಗೆದು, ಸಾರ್ವಜನಿಕ ಹೊರರೋಗಿ ಭೇಟಿಗೆ ಎಲ್ಲರಿಗೂ 7 ಕ್ರೋನವೆಂದು ನಿಗದಿಪಡಿಸಿತು. ಮೊತ್ತವನ್ನು ಈಗ ಆಯಾ ರೆಜಿಯೋನ್ ನಿರ್ಧರಿಸುತ್ತದೆ; ತತ್ತ್ವ ಮಾತ್ರ ಅದೇ.

ಆದಾಯವನ್ನು ಕೇಳುವುದೇ ಇಲ್ಲವೆಂದಲ್ಲ. ಕೇಳುವ ಕಿಟಕಿ ಬೇರೆ. ಗಳಿಸಿದ ಪ್ರತಿ ನೂರು ಕ್ರೋನದಲ್ಲಿ ಸುಮಾರು 11–12 ಕ್ರೋನ ರೆಜಿಯೋನ್ ತೆರಿಗೆಗೆ ಹೋಗುತ್ತದೆ. ಹೆಚ್ಚು ಗಳಿಸಿದವನು ಕಾಯಿಲೆ ಬೀಳುವ ಮೊದಲೇ ಹೆಚ್ಚು ಕೊಟ್ಟಿರುತ್ತಾನೆ. ಕಿಟಕಿಯಲ್ಲಿ ಕೊಡುವ ಶುಲ್ಕ ಒಟ್ಟು ವೆಚ್ಚದ ಅಲ್ಪಾಂಶ ಮಾತ್ರ. ಅದಕ್ಕೂ ಮಿತಿಯಿದೆ: 2025ರಲ್ಲಿ ಹನ್ನೆರಡು ತಿಂಗಳಿಗೆ ಹೆಚ್ಚೆಂದರೆ 1450 ಕ್ರೋನ. ಅದು ತುಂಬಿದರೆ ಫ್ರೀಕೋರ್ಟ್ ದೊರೆತು, ಉಳಿದ ಅವಧಿಯ ಭೇಟಿಗಳು ಉಚಿತ. ಮಕ್ಕಳ ಮನೋವೈದ್ಯ ವಿಭಾಗವಾದ ಬೂಪ್‌ನಲ್ಲಿ ಹದಿನೆಂಟು ತುಂಬದವರಿಗೆ ಬಹುತೇಕ ಕಡೆ ಶುಲ್ಕವೇ ಇಲ್ಲ.

ಆದಾಯಕ್ಕೆ ತಕ್ಕ ಶುಲ್ಕ ಕೇಳಲು ಸೊಗಸು. ಆದರೆ ಯಾರ ಆದಾಯ? ಗಂಡನ ವೀಸಾದ ಮೇಲೆ ಬಂದು, ಚಳಿಗಾಲದ ಕತ್ತಲೆಯಲ್ಲಿ ಮನೆಯೊಳಗೇ ಕುಗ್ಗಿದ ಹೆಣ್ಣುಮಗಳನ್ನು ನೆನೆಯಿರಿ. ಮನೆಯ ಆದಾಯವನ್ನು ಕೇಳಿದರೆ ಆಕೆ ಪತಿಯ ಸಂಬಳದ ಚೀಟಿಯನ್ನು ತರಬೇಕು, ಏಕೆಂದು ಹೇಳಬೇಕು. ನಮ್ಮ ಜನರಲ್ಲಿ ಈ ಕಾಯಿಲೆಯನ್ನು ಎಷ್ಟು ಮುಚ್ಚಿಡುತ್ತೇವೆಂಬುದನ್ನು ಬಲ್ಲವರಿಗೆ, ಆ ಒಂದು ಚೀಟಿಯೇ ಆಕೆಯನ್ನು ಬಾಗಿಲಿನಿಂದ ಹಿಂದಿರುಗಿಸೀತೆಂದು ವಿವರಿಸಬೇಕಿಲ್ಲ. ಆದ್ದರಿಂದ ಒಂದೇ ಶುಲ್ಕವೇ ಮೇಲೆಂಬುದು ನನ್ನ ಮತ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ 1450 ಕ್ರೋನವೂ ಭಾರವೇ, ನಿಜ.

ತಾಯ್ನಾಡು ಬೇರೆ ದಾರಿ ಹಿಡಿದಿದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ಬಡತನ ರೇಖೆಗಿಂತ ಕೆಳಗಿರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತವಾಗಬೇಕು. ಬಿ.ಪಿ.ಎಲ್. ಕಾರ್ಡು ಇರಲಿ, ಇಲ್ಲದಿರಲಿ ಎಂಬ ಮಾತೂ ಅದರಲ್ಲಿದೆ. ಬುದ್ಧಿ ಕದಡಿ ಬೀದಿಯಲ್ಲಿ ಅಲೆಯುವವನು ಕಾರ್ಡನ್ನು ಎಲ್ಲಿಂದ ತಂದಾನು?

ಇಲ್ಲಿಯ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದುದು ಒಂದುಂಟು. ಗೊತ್ತಾದ ಭೇಟಿಗೆ ತಿಳಿಸದೆ ತಪ್ಪಿಸಿಕೊಂಡರೆ ದಂಡದ ಶುಲ್ಕ ಬೀಳುತ್ತದೆ. ಅದು ಮಿತಿಯ ಲೆಕ್ಕಕ್ಕೂ ಸೇರದು, ಫ್ರೀಕೋರ್ಟ್ ಇದ್ದರೂ ತಪ್ಪದು. ಖಿನ್ನತೆಯಿಂದ ಹಾಸಿಗೆ ಬಿಟ್ಟೇಳಲಾರದವರಿಗೇ ಇದು ಹೆಚ್ಚು ತಗಲುವುದು. ಮನೆಯಲ್ಲಿ ಅಂಥವರಿದ್ದರೆ ಭೇಟಿಯ ದಿನವನ್ನು ನೀವೂ ಗುರುತು ಹಾಕಿಕೊಳ್ಳಿ; ಹೋಗಲಾಗದೆಂದು ಕಂಡರೆ, ಸಾಮಾನ್ಯವಾಗಿ 24 ಗಂಟೆ ಮೊದಲು ದೂರವಾಣಿಯಲ್ಲಿ ತಿಳಿಸಿದರೆ ಸಾಕು.