ನಡುಹಗಲಿನ ಪ್ರಾರ್ಥನೆ

ಹಜೀರಾದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕನ್ನಡಿಗರಲ್ಲಿ ಕ್ರೈಸ್ತ ಬಂಧುಗಳೂ ಇದ್ದಾರೆ. ಊಟದ ವಿರಾಮದಲ್ಲಿ ಡಬ್ಬಿ ಬಿಚ್ಚುವ ಮುನ್ನ ಎರಡು ನಿಮಿಷ ತಲೆತಗ್ಗಿಸಿ ಕುಳಿತವರನ್ನು ಕಂಡು, “ಭಾನುವಾರದ ಚರ್ಚು ಸಾಲದೆ?” ಎಂದು ಕೇಳುವವರುಂಟು. ಕ್ರೈಸ್ತರಲ್ಲಿಯೇ ಕೆಲವರು, ಮಧ್ಯಾಹ್ನದ ಪ್ರಾರ್ಥನೆ ಮಠದ ಸನ್ಯಾಸಿಗಳಿಗೆ ಸೇರಿದ್ದು, ಪಾಳಿಯಲ್ಲಿ ದುಡಿಯುವವರಿಗಲ್ಲ ಎಂದು ಬಿಟ್ಟುಬಿಟ್ಟಿದ್ದಾರೆ. ಇದರ ಮೂಲವನ್ನು ಹುಡುಕಿ ನೋಡಿದರೆ ಸಂಗತಿ ಬೇರೆಯೇ ಆಗಿದೆ.

ಮೊದಲು ಹೊತ್ತಿನ ಲೆಕ್ಕ. ಪೂರ್ವಕಾಲದ ಯೆಹೂದ್ಯರೂ ರೋಮನರೂ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದರು. ಆರನೆಯ ಗಂಟೆಯೆಂದರೆ ಸೂರ್ಯ ನಡುನೆತ್ತಿಗೆ ಬರುವ ಹೊತ್ತು. ನಮ್ಮ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಹಜೀರಾ ಅದಕ್ಕೆ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಎಣಿಸಿದರೆ ಇಲ್ಲಿ ನಿಜವಾದ ನಡುಹಗಲು ಸುಮಾರು 12 ಗಂಟೆ 40 ನಿಮಿಷಕ್ಕೆ, ಋತುವಿಗೆ ತಕ್ಕಂತೆ ಕಾಲು ಗಂಟೆ ಹಿಂದುಮುಂದಾಗಿ, ಬರುತ್ತದೆ. ಹಗಲು ಪಾಳಿಯವರು ಡಬ್ಬಿ ಬಿಚ್ಚುವ ಹೊತ್ತೂ ಅದರ ಆಸುಪಾಸಿನದೇ ಅಲ್ಲವೆ?

ಈ ಹೊತ್ತಿನ ಪ್ರಾರ್ಥನೆಗೆ ಬೈಬಲಿನಲ್ಲಿ ಆಧಾರವುಂಟು. ದಾನಿಯೇಲನು ಸೆರೆಯಾಗಿ ಪರದೇಶಕ್ಕೆ ಹೋಗಿ, ಅಲ್ಲಿನ ಅರಸರ ಕಚೇರಿಯಲ್ಲಿ ಅಧಿಕಾರಿಯಾಗಿದ್ದವನು. ಅವನು ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಬಳಿ ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದನು. ಪೇತ್ರನು ಯೊಪ್ಪದಲ್ಲಿ ಆರನೆಯ ಗಂಟೆಗೆ ಪ್ರಾರ್ಥಿಸಲು ಮಾಳಿಗೆ ಹತ್ತಿದಾಗ ಅವನಿಗೆ ಬಹಳ ಹಸಿವಾಯಿತೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿದೆ. ಹೊಟ್ಟೆ ಹಸಿದಿರುವಾಗ ಪ್ರಾರ್ಥನೆ ಹೇಗೆ ಎಂದು ಸಂಕೋಚಪಡುವವರು ಇದನ್ನು ನೆನೆಯಬಹುದು. ಆದಿಸಭೆಯ ‘ದಿದಖೆ’ ಎಂಬ ಪುಟ್ಟ ಗ್ರಂಥವು ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ಸಾಮಾನ್ಯ ವಿಶ್ವಾಸಿಗಳಿಗೇ ವಿಧಿಸಿತ್ತು.

ನಡುಹಗಲೇ ಏಕೆ? ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇವಾಗ್ರಿಯಸ್ ಎಂಬ ಸನ್ಯಾಸಿ ಇದಕ್ಕೊಂದು ಕಾರಣ ಕಂಡಿದ್ದನು. ಸುಮಾರು ಹತ್ತರಿಂದ ಎರಡು ಗಂಟೆಯವರೆಗೆ ಮನುಷ್ಯನನ್ನು ‘ನಡುಹಗಲಿನ ಪಿಶಾಚಿ’ ಕಾಡುತ್ತದೆ ಎಂಬುದು ಅವನ ಮಾತಿನ ಸಾರ. ಆಗ ಸೂರ್ಯ ಸರಿಯುವುದೇ ಇಲ್ಲವೆಂದು ತೋರುತ್ತದೆ. ಇರುವ ಜಾಗ, ಮಾಡುವ ಕೆಲಸ ಎರಡೂ ಬೇಸರವಾಗುತ್ತವೆ. ಜೊತೆಯವರಲ್ಲಿ ಪ್ರೀತಿ ಉಳಿದಿಲ್ಲವೆನಿಸುತ್ತದೆ. ಬಿಟ್ಟುಬಂದ ಮನೆಯವರ ನೆನಪು ಹಿಂಡುತ್ತದೆ. ಬೇರೆಲ್ಲಿಗಾದರೂ ಹೋದರೆ ಇದಕ್ಕಿಂತ ಸುಲಭವಾದ ಕೆಲಸ ಸಿಕ್ಕೀತೆಂದು ಮನಸ್ಸು ಓಡುತ್ತದೆ. ಊರು ಬಿಟ್ಟು ಬಂದ ನಮ್ಮಲ್ಲಿ ಈ ವರ್ಣನೆಯನ್ನು ಓದಿ ‘ಇದು ನನ್ನದೇ’ ಎನ್ನದವರು ವಿರಳ. ಬೆಳಗ್ಗೆ ಇದ್ದ ಹುರುಪು ಮುಗಿದಿದೆ, ಸಂಜೆಯ ಬಿಡುಗಡೆ ದೂರವಿದೆ. ಮನಸ್ಸು ಸಡಿಲವಾಗುವ ಹೊತ್ತಿನಲ್ಲಿಯೇ ಅದಕ್ಕೆ ಆಸರೆಯನ್ನು ಇಟ್ಟಿದ್ದಾರೆಂದು ನಮಗೆ ತೋರುತ್ತದೆ.

ಇನ್ನು ಜಾಗದ ಪ್ರಶ್ನೆ. ಕಾರ್ಖಾನೆಯ ಗೇಟಿನೊಳಗೆ ಗುಡಿಯೆಲ್ಲಿ, ಗಂಟೆಯೆಲ್ಲಿ? ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠಗಳಿಗೆ ಬರೆದ ನಿಯಮದಲ್ಲಿ ಇದಕ್ಕೆ ಉತ್ತರವಿದೆ. ದೂರದಲ್ಲಿ ಕೆಲಸಕ್ಕೆ ಹೋದ ಸನ್ಯಾಸಿಗಳು ಹೊತ್ತಿಗೆ ಸರಿಯಾಗಿ ಮಠದ ಗುಡಿಗೆ ಬರಲಾಗದಿದ್ದರೆ, ಕೆಲಸ ಮಾಡುವ ಸ್ಥಳದಲ್ಲಿಯೇ ಪ್ರಾರ್ಥಿಸತಕ್ಕದ್ದು. ಪ್ರಯಾಣದಲ್ಲಿರುವವರೂ ಹೊತ್ತು ಮೀರಗೊಡಬಾರದು. ಅಂದರೆ ಸನ್ಯಾಸಿಗೂ ಕೆಲಸದ ಸ್ಥಳವೇ ಸಾಕಾಗಿತ್ತು. ಊರಿನ ಚರ್ಚುಗಳಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವುದು ಬಹಳ ನಂತರದ ಪದ್ಧತಿ. 1456ರಲ್ಲಿ ಬೆಲ್‌ಗ್ರೇಡ್ ನಗರಕ್ಕೆ ತುರ್ಕರ ಮುತ್ತಿಗೆ ಬಿದ್ದಾಗ ಮೂರನೆಯ ಕಲಿಕ್ಸ್ತಸ್ ಪೋಪರು ಪ್ರಾರ್ಥನೆಗಾಗಿ ನಡುಹಗಲು ಗಂಟೆ ಬಾರಿಸಬೇಕೆಂದು ಅಪ್ಪಣೆ ಮಾಡಿದ್ದರು. ಬರಬರುತ್ತ ಕಥೋಲಿಕರ ಆಂಜೆಲಸ್ ಪ್ರಾರ್ಥನೆ ಬೆಳಗು, ಮಧ್ಯಾಹ್ನ, ಸಂಜೆಯ ಗಂಟೆಗಳೊಡನೆ ಸೇರಿಕೊಂಡಿತು. ಅದಕ್ಕೆ ಹಿಡಿಯುವುದು ಎರಡು ಮೂರು ನಿಮಿಷ ಮಾತ್ರ.

ಹಾಗಾದರೆ ದುಡಿಯುವವರು ಮಾಡಬೇಕಾದದ್ದೇನು? ಯಂತ್ರ, ಕ್ರೇನು, ಅನಿಲದ ಕವಾಟಗಳ ಮುಂದೆ ನಿಂತವರು ಕಣ್ಣು ಮುಚ್ಚುವಂತಿಲ್ಲ. ಅಲ್ಲಿ ಎಚ್ಚರವೇ ಧರ್ಮ. ವಿರಾಮವಾದರೋ ಕಾರ್ಮಿಕನದು. 1948ರ ಕಾರ್ಖಾನೆ ಕಾಯಿದೆಯು ಐದು ಗಂಟೆ ಮೀರದಂತೆ ಕೆಲಸ ಮಾಡಿಸಿ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದು ವಿಧಿಸಿತ್ತು. ಆ ಬಗೆಯ ಅರ್ಧ ಗಂಟೆಯಲ್ಲಿ ಮೂರು ನಿಮಿಷ ತೆಗೆದರೆ ಮಾಲೀಕರಿಗೂ ನಷ್ಟವಿಲ್ಲ, ಜೊತೆಗಾರರಿಗೂ ಹೊರೆಯಿಲ್ಲ. ಕೈ ತೊಳೆದು ಕುಳಿತು ಆಂಜೆಲಸ್ ಆಗಲಿ, ಯೇಸು ಕಲಿಸಿದ ಪ್ರಾರ್ಥನೆಯಾಗಲಿ, ಒಂದು ಕೀರ್ತನೆಯಾಗಲಿ ಮನಸ್ಸಿನಲ್ಲಿ ಹೇಳಿಕೊಂಡರಾಯಿತು. ರಾತ್ರಿ ಪಾಳಿಯವರು ಹಗಲಿನ ನಿದ್ರೆಯನ್ನು ಮುರಿದುಕೊಳ್ಳುವುದು ಬೇಡ. ತಮ್ಮ ಪಾಳಿಯ ನಡುವಿನ ವಿರಾಮವನ್ನೇ ನಡುಹಗಲೆಂದು ಎಣಿಸಿಕೊಳ್ಳಲಿ.

ಭಾಷೆಯ ಮಾತೊಂದು. ದಿನವೆಲ್ಲ ಗುಜರಾತಿ, ಹಿಂದಿಗಳಲ್ಲಿ ವ್ಯವಹರಿಸುವವರಿಗೆ ಈ ಮೂರು ನಿಮಿಷ ಕನ್ನಡದ್ದಾಗಿರಬಹುದು. ಲಂಡನ್ ಮಿಶನ್ನಿನವರ ಪ್ರಯತ್ನದಿಂದ ಬಳ್ಳಾರಿಯಲ್ಲಿ ಕನ್ನಡದ ಸಂಪೂರ್ಣ ಬೈಬಲ್ 1831ರಲ್ಲಿ ಸಿದ್ಧವಾಯಿತು. ಅದೇ ಮಿಶನ್ನಿನವರು ನಮ್ಮ ಪಕ್ಕದ ಸೂರತ್ತಿನಲ್ಲಿ 1820ರ ದಶಕದಲ್ಲಿ ಗುಜರಾತಿ ಬೈಬಲನ್ನು ಅಚ್ಚುಹಾಕಿಸಿದ್ದರು.

ಕೊನೆಗೆ ಇತರ ವಾಚಕರಲ್ಲಿ ಒಂದು ಅರಿಕೆ. ನಡುಹಗಲು ಯಾವ ಒಂದು ಮತದ ಸ್ವತ್ತೂ ಅಲ್ಲ. ಬ್ರಾಹ್ಮಣರಿಗೆ ಮಾಧ್ಯಾಹ್ನಿಕವುಂಟು, ಮುಸಲ್ಮಾನರಿಗೆ ಜುಹರ್ ನಮಾಜು ಉಂಟು, ಸೂರತ್ತಿನ ಪಾರ್ಸಿಗಳಿಗೆ ರಪಿಥ್ವಿನ್ ಎಂಬ ಪ್ರಾರ್ಥನೆಯ ಯಾಮವುಂಟು. ಪಕ್ಕದಲ್ಲಿ ಕುಳಿತವನು ಕಣ್ಣು ಮುಚ್ಚಿದಾಗ ತಮಾಷೆ ಮಾಡದೆ, ಅವನ ಪಾಲಿನ ನೀರಿನ ಲೋಟವನ್ನು ತುಂಬಿಸಿಟ್ಟು ಮೂರು ನಿಮಿಷ ತಾಳಿದರೆ, ಅವನೊಡನೆ ಕುಳಿತು ಉಣ್ಣುವುದಕ್ಕೆ ಸಾಕಷ್ಟು ಹೊತ್ತು ಉಳಿದಿರುತ್ತದೆ.