ಪಂಪ್‌ಸೆಟ್ ಪರೀಕ್ಷೆಗೆ ಹೊಸ ಮಲ್ಟಿಮೀಟರ್ ಕೊಳ್ಳುವಾಗ

ಸ್ಟಾರ್ಟರಿಗೆ ಮೂರೂ ಫೇಸುಗಳು ಬರುತ್ತಿವೆಯೇ ಎಂದು ನೋಡಲು ಅನೇಕ ರೈತರು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಂಡಿರುತ್ತಾರೆ. ಅದು ತಪ್ಪು ಅಳತೆ ತೋರಿಸಿದರೆ ಮೊದಲು ಒಳಗಿನ ಬ್ಯಾಟರಿ ಬದಲಿಸಿ ನೋಡಬೇಕು. ಎಷ್ಟೋ ಮೀಟರುಗಳು ಇಷ್ಟಕ್ಕೇ ಮೂಲೆ ಸೇರಿವೆ.

ಹೊಸದನ್ನು ಕೊಳ್ಳಲೇಬೇಕಾದರೆ ಬೆಲೆಯೊಂದನ್ನೇ ನೋಡುವುದು ಅಪಾಯಕರ. ಎರಡು ಫೇಸುಗಳ ನಡುವೆ ಸುಮಾರು 415 ವೋಲ್ಟ್ ಇರುತ್ತದೆ. ರೇಡಿಯೋ ರಿಪೇರಿಗೆ ಸಾಕಾಗುವ ಮೀಟರು ಇಲ್ಲಿಗೆ ತಕ್ಕುದಲ್ಲ. ಮೀಟರಿನ ಮೇಲೂ ಅದರ ತಂತಿಗಳ ಮೇಲೂ ‘ಕ್ಯಾಟ್’ ಎಂದಿದ್ದು, ಮುಂದೆ ರೋಮನ್ ಅಂಕಿಯಲ್ಲಿ 3, ಜೊತೆಗೆ ಕನಿಷ್ಠ 600 ವೋಲ್ಟ್ ಎಂದು ಅಚ್ಚಾಗಿರಬೇಕು.

ಆಂಪಿಯರ್ ಅಳೆಯುವ ರಂಧ್ರಕ್ಕೆ ಫ್ಯೂಸ್ ಇದೆಯೇ ಎಂಬುದನ್ನೂ ವಿಚಾರಿಸಬೇಕು. ಅನೇಕ ಅಗ್ಗದ ಮೀಟರುಗಳಲ್ಲಿ 10 ಆಂಪಿಯರ್ ರಂಧ್ರಕ್ಕೆ ಫ್ಯೂಸ್ ಇರುವುದಿಲ್ಲ. ತಂತಿಯನ್ನು ಅಲ್ಲಿಯೇ ಮರೆತು ವೋಲ್ಟೇಜ್ ಅಳೆಯಹೋದರೆ ನೇರ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಮೀಟರು ಕೈಯಲ್ಲೇ ಸಿಡಿಯಬಹುದು.

ಮೋಟಾರಿನ ಕರೆಂಟು ಅಳೆಯುವುದೇ ಮುಖ್ಯವಾದರೆ ಕ್ಲ್ಯಾಂಪ್ ಮೀಟರು ಲೇಸು, ತಂತಿ ಬಿಚ್ಚಬೇಕಾಗಿಲ್ಲ. ಸೋಲಾರ್ ಪ್ಯಾನೆಲಿನ ಕರೆಂಟಿಗೆ ಡಿ.ಸಿ. ಅಳೆಯುವ ಕ್ಲ್ಯಾಂಪೇ ಬೇಕು.

ಮೀಟರು ಯಾವುದೇ ಇರಲಿ, ‘ಕರೆಂಟಿಲ್ಲ’ ಎಂದು ತೋರಿಸಿದಾಗ, ಕರೆಂಟಿರುವುದು ಖಚಿತವಾದ ಇನ್ನೊಂದು ಕಡೆ ಅದನ್ನು ಪರೀಕ್ಷಿಸದೆ ತಂತಿ ಮುಟ್ಟಬಾರದು.