ಎರೆಹೊಲದ ಕಾವಲು ಹುಳುಗಳು

ಆದೋನಿಯ ಹತ್ತಿ ಜಿನ್ನುಗಳನ್ನು ದಾಟಿ ಪೆದ್ದಕಡುಬೂರಿನ ಹಾದಿ ಹಿಡಿದರೆ ಎತ್ತ ನೋಡಿದರೂ ಎರೆಭೂಮಿ. ಆಂಧ್ರದ ಸೀಮೆಯಾದರೂ ಬದುವಿನ ಮೇಲೆ ಕನ್ನಡದ ಮಾತು ಕೇಳುತ್ತದೆ. ಹತ್ತಿ ಹೂಬಿಟ್ಟ ಹೊತ್ತು. ನಾವು ಇಳಿದ ಹೊಲದ ಸುತ್ತ ಜೋಳದ ಸಾಲು, ನಡುನಡುವೆ ಅಲಸಂದೆ.

ಅಲಸಂದೆಯ ಕುಡಿಗಳಿಗೆಲ್ಲ ಕರಿ ಹೇನು ಮುತ್ತಿತ್ತು. ಯಾರಿಗಾದರೂ ಔಷಧಿ ಡಬ್ಬಿ ನೆನಪಾಗಬೇಕು. "ಇರ್ಲಿ ಬಿಡ್ರಿ, ಗುಲಗಂಜಿ ಹುಳಕ್ಕ ಮೇವು ಅದು" ಎಂದರು ಹೊಲದ ಅಮ್ಮ. ಈ ಹೇನು ಮುಖ್ಯವಾಗಿ ದ್ವಿದಳ ಬೆಳೆಗಳದ್ದು. ಅದನ್ನು ತಿಂದು ಸಂಖ್ಯೆ ಹೆಚ್ಚಿಸಿಕೊಂಡ ಗುಲಗಂಜಿ ಹುಳು ಪಕ್ಕದ ಹತ್ತಿಗೆ ದಾಟಿ ಅಲ್ಲಿನ ಹೇನನ್ನೂ ಮುಗಿಸುತ್ತದೆ. ದೊಡ್ಡ ಹುಳುವನ್ನು ಎಲ್ಲರೂ ಗುರುತಿಸುತ್ತಾರೆ. ಪುಟ್ಟ ಮೊಸಳೆಯಂತಿರುವ ಅದರ ಮರಿಯನ್ನೇ ಪೀಡೆಯೆಂದು ಹೊಸಕುವವರು ಬಹಳ.

ಹತ್ತಿಯ ಎಲೆಯೊಂದನ್ನು ಮಗುಚಿದೆವು. ಕೂದಲೆಳೆಯಷ್ಟು ಸಣ್ಣ ಕಡ್ಡಿಗಳ ತುದಿಯಲ್ಲಿ ಒಂದೊಂದೇ ಹಸಿರು ಮೊಟ್ಟೆ. ಕ್ರೈಸೋಪರ್ಲಾ ಎಂಬ ಜಾಲರೆಕ್ಕೆಯ ಕೀಟದ್ದು. ಮೊದಲು ಹೊರಬಂದ ಮರಿ ಉಳಿದ ಮೊಟ್ಟೆಗಳನ್ನು ತಿನ್ನದಿರಲೆಂದು ತಾಯಿ ಹೀಗೆ ಎತ್ತರಕ್ಕಿಡುತ್ತದೆ. ಮರಿಯ ಬಾಯಿಗೆ ಕುಡುಗೋಲಿನಾಕಾರದ ಎರಡು ದವಡೆ. ಹೇನನ್ನು ಹಿಡಿದು ರಸ ಹೀರಿ ಸಿಪ್ಪೆ ಬಿಸಾಡುತ್ತದೆ. ಬಿತ್ತಿದ ಮೊದಲ ತಿಂಗಳುಗಳಲ್ಲೇ ಬಲವಾದ ವಿಷ ಹೊಡೆದರೆ ಮೊದಲು ಸಾಯುವುದು ಈ ಕಾವಲುಗಾರರು. ಹೇನು ಮತ್ತೆ ಬೇಗ ಹೆಚ್ಚುತ್ತದೆ, ಇವು ಹೆಚ್ಚುವುದು ನಿಧಾನ.

ಗುಲಾಬಿ ಕಾಯಿಕೊರಕದ ಮಾತು ಬೇರೆ. 2002ರಲ್ಲಿ ಬಂದ ಬಿಟಿ ಹತ್ತಿಗೂ ಅದು ಈಗ ಜಗ್ಗುತ್ತಿಲ್ಲ. ಮರಿ ಕಾಯಿಯೊಳಗೆ ಹೊಕ್ಕರೆ ಔಷಧಿಯೂ ತಲುಪದು. ಹಾಗಾಗಿ ಮೊಟ್ಟೆಯಲ್ಲೇ ತಡೆಯಬೇಕು. ಆ ಕೆಲಸಕ್ಕೆ ಇರುವುದು ಟ್ರೈಕೊಗ್ರಾಮ ಜಾತಿಯ ಕಣಜ, ಒಂದು ಮಿಲಿಮೀಟರಿಗಿಂತ ಚಿಕ್ಕದು. ಅಕ್ಕಿಪತಂಗದ ಮೊಟ್ಟೆಗಳ ಮೇಲೆ ಬೆಳೆಸಿ ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಸಂಜೆ ತಂಪಿನಲ್ಲಿ ಎಲೆಯ ಅಡಿಗೆ ಸಿಕ್ಕಿಸಬೇಕು, ಈ ಸೀಮೆಯ ಮಧ್ಯಾಹ್ನದ ಬಿಸಿಲಿಗಲ್ಲ. ಬರೀ ಕಾರ್ಡಿನಿಂದಲೂ ಆಗದು: ಮೋಹಕ ಬಲೆ ಬೇಕು, ಬೆಳೆಯನ್ನು ಹೊತ್ತಿಗೆ ಮುಗಿಸಿ ಕಟ್ಟಿಗೆ ಕಿತ್ತು ತೆಗೆಯಬೇಕು.

ನಂಬಿಕೆ ಬಾರದವರು ಪಪ್ಪಾಯಿಯನ್ನು ನೆನೆಯಲಿ. ತೋಟಗಳನ್ನು ಹಾಳುಗೆಡವಿದ ಹಿಟ್ಟು ತಿಗಣೆ ತಹಬದಿಗೆ ಬಂದದ್ದು 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆ ಹೊರದೇಶದಿಂದ ತರಿಸಿ ಬಿಟ್ಟ ಪುಟ್ಟ ಕಣಜದಿಂದ.

ಹತ್ತಿಯಲ್ಲಿ ಎಲೆಗೆ ಸರಾಸರಿ ಎರಡು ಜಿಗಿಹುಳು ಕಾಣುವವರೆಗೆ ಸಿಂಪರಣೆ ಬೇಡವೆನ್ನುತ್ತದೆ ಶಾಸ್ತ್ರ. ರೈತಬಂಧುಗಳೇ, ಪಂಪು ಹೆಗಲಿಗೇರಿಸುವ ಮುನ್ನ ಹೊಲದ ನಾಲ್ಕು ಮೂಲೆಯ ಗಿಡಗಳ ಎಲೆ ಮಗುಚಿ ನೋಡಿ, ಎಣಿಸಿ, ಆಮೇಲೆ ತೀರ್ಮಾನಿಸಿ.